ಗೂಟದ ಮ್ಯಾಲಿನ ಬ್ಯಾಟ್ರಿ

1/7

ದೋಸ್ತರೇ, "ಊರಿಗಿ ಹೋಗುವಾಗ ನಿನ್ನ ಬ್ಯಾಗಿನ್ಯಾಗ ಏನೇನು ಇರ್ತದ?" ಅಂತ ಸ್ಟೋರಿಯಲ್ಲಿ ಕೇಳಿದ್ರಲ್ಲ, ಇದು ಅದರ ಉತ್ತರ. ಚಾರ್ಜರ್, ನೀರಿನ ಬಾಟ್ಲಿ, ಅವ್ವ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಇವೆಲ್ಲ ನಿಮ್ಮ ಬ್ಯಾಗಿನಲ್ಲೂ ಇರ್ತಾವ, ಅದರ ಬಗ್ಗೆ ಏನು ಬರೆಯೋದು? ಫೋಟೋದ ನಡುವೆ ಬೆರಳುದ್ದದ ಕರೀ ಕೊಳವಿಯಂಥದ್ದು ಕಾಣ್ತದಲ್ಲ, ಇವತ್ತಿನ ಮಾತು ಅದರದ್ದು.

ನೀವು ಟಾರ್ಚ್ ಅಂತೀರಿ. ನಮ್ಮ ಶಿರವಾಳದಾಗ ಬ್ಯಾಟ್ರಿ ಅಂತಾರ. ಒಳಗ ಹಾಕೋದಕ್ಕೆ ಸೆಲ್ ಅಂತಾರ. ನಮ್ಮ ಮುತ್ಯಾನ ಕಾಲದ ಬ್ಯಾಟ್ರಿ ಮೊಳಕೈ ಉದ್ದ ಇತ್ತು, ಮೂರು ದೊಡ್ಡ ಸೆಲ್ ನುಂಗ್ತಿತ್ತು, ಅಷ್ಟಾದರೂ ಹಳದಿ ಬೆಳಕು ಬೇವಿನ ಮರದ ಆಚೆ ಹೋಗ್ತಿರಲಿಲ್ಲ. ಇದು ಒಂದೇ ಒಂದು ಪೆನ್ಸಿಲ್ ಸೆಲ್ಲಿನದು. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಕೂಡ್ತದ.

"ಮೊಬೈಲಿನ್ಯಾಗೇ ಲೈಟ್ ಅದಲ್ಲ, ಮತ್ಯಾಕ?" ಅಂತ ಕೇಳ್ತೀರಿ, ಗೊತ್ತು. ನಾನೂ ಹಂಗೇ ಕೇಳ್ತಿದ್ದೆ. ಆ ಪ್ರಶ್ನೆಗೆ ಉತ್ತರ ಸಿಕ್ಕ ರಾತ್ರಿ ನಾನು ಶಿರವಾಳದಲ್ಲಿ ಇರಲಿಲ್ಲ. ನಮ್ಮ ಮನೆಯ ಬ್ಯಾಟ್ರಿನೂ ಇರಲಿಲ್ಲ. ಅದು ನನ್ನ ಬ್ಯಾಗಿನಲ್ಲಿತ್ತು.

2/7

ಕ್ಲಾಸಿನವರೆಲ್ಲ ಹಂಪಿ ಟ್ರಿಪ್ಪಿಗೆ ಹೊರಟಿದ್ದು ನೆನಪದಲ್ಲ? ಹೊರಡೋ ದಿನ ಊರಿಂದ ಕಲಬುರಗಿಗೆ ಬರೋ ಗಡಿಬಿಡಿಯಲ್ಲಿ, ತಲಬಾಗಿಲ ಪಕ್ಕದ ಗೂಟಕ್ಕೆ ನೇತು ಹಾಕಿದ್ದ ಬ್ಯಾಟ್ರಿಯನ್ನು ಬ್ಯಾಗಿಗೆ ತುರುಕಿದೆ. ಯಾರನ್ನೂ ಕೇಳಲಿಲ್ಲ. ಮೂರು ದಿನದ ಮಾತು, ತಂದು ಇಟ್ಟರಾಯ್ತು ಅನ್ನೋ ಲೆಕ್ಕ.

ಆ ಮೂರು ದಿನ ಅದು ಎಷ್ಟು ಕೆಲಸಕ್ಕೆ ಬಂತು ಅಂತ ಬಂದವರಿಗೆಲ್ಲ ಗೊತ್ತು. ರಾತ್ರಿ ಬಸ್ಸಿನ ಸೀಟಿನ ಕೆಳಗೆ ಜಾರಿಹೋದ ಚಪ್ಪಲಿ ಹುಡುಕಿದ್ದು ಅದರಿಂದ. ನಡುರಾತ್ರಿ ದಾರಿಯಲ್ಲಿ ಬಸ್ ನಿಂತಾಗ ಬಲ್ಬೇ ಇಲ್ಲದ ಪಾಯಖಾನೆಗೆ ನಾವು ಐದು ಹುಡುಗೇರು ಪಾಳಿ ಹಚ್ಚಿ ಹೋಗಿಬಂದದ್ದು ಅದರಿಂದ. ಹುಡುಗೇರಿಗೆ ಇದನ್ನು ಬಿಡಿಸಿ ಹೇಳೋದು ಬೇಕಿಲ್ಲ. ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ಚಿಲಕ ಇಲ್ಲದ ಬಾಗಿಲು ಹಿಡಿದವರಿಗೆ ಜೇಬಿನ ಬ್ಯಾಟ್ರಿಯ ಬೆಲೆ ತಾನಾಗಿಯೇ ತಿಳೀತದ.

ಬ್ಯಾಟ್ರಿ ಬಂದ್ ಮಾಡಬೇಕಾದ ಜಾಗನೂ ಒಂದಿತ್ತು. ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು, ಎದುರಿನ ಗೋಡೆ ಮೇಲೆ ಗೋಪುರ ತಲೆಕೆಳಗಾಗಿ ಮೂಡ್ತದ. ಕಿಂಡಿ ಕ್ಯಾಮೆರಾ ಅಂತ ಪುಸ್ತಕದಲ್ಲಿ ಓದಿದ್ದನ್ನ ಕಲ್ಲಿನಲ್ಲಿ ಕಟ್ಟಿಟ್ಟಾರ. ನಾನು ಉತ್ಸಾಹಕ್ಕೆ ಬ್ಯಾಟ್ರಿ ಬಿಟ್ಟೆ, ಗೋಪುರ ಮಾಯ! ನೀವೆಲ್ಲ ಸೇರಿ ಬೈದ್ರಿ. ಆ ಬೈಗುಳದ ವಿಡಿಯೋ ಇನ್ನೂ ನನ್ನ ಹತ್ರ ಅದ.

3/7

ಟ್ರಿಪ್ ಮುಗಿಸಿ ಹಾಸ್ಟೆಲಿಗೆ ಬಂದೆ. ಬ್ಯಾಗು ಮಂಚದ ಕೆಳಗೆ ಹೋಯ್ತು.

ಎರಡು ದಿನ ಬಿಟ್ಟು ಅವ್ವ ಫೋನ್ ಮಾಡಿದಳು. "ಗೂಟದ ಮ್ಯಾಲಿನ ಬ್ಯಾಟ್ರಿ ಕಾಣವಲ್ದು, ನೀ ಏನರೆ ಒಯ್ದೀಯೇನ?"

"ಹೂಂ ಬೇ, ನನ್ನ ಹಂತ್ಯಾಕ ಅದ. ಐತಾರಕ್ಕ ಬರ್ತೀನಲ್ಲ, ತರ್ತೀನಿ."

ಐತಾರ ಹೋಗಲಿಲ್ಲ. ಇಂಟರ್ನಲ್ಸ್ ಬಂದವು. ಅವ್ವ ಮತ್ತೊಮ್ಮೆ ಕೇಳಿದಳು, ನಾನು ಮತ್ತೊಮ್ಮೆ ಅದೇ ಹೇಳಿದೆ. ಅಂಗಡಿಯಲ್ಲಿ ಇನ್ನೊಂದು ತಗೋರಿ ಅಂತ ಹೇಳೋ ಬುದ್ಧಿ ನನಗೂ ಬರಲಿಲ್ಲ. ಹೆಂಗೂ ಬರ್ತದಲ್ಲ ಅಂತ ಅವರೂ ತರಲಿಲ್ಲ.

ಆ ವಾರ ನಮ್ಮ ಹೊಲದ ಮೋಟರಿಗೆ ಕರೆಂಟಿನ ಪಾಳಿ ರಾತ್ರಿ ಇತ್ತು. ರಾತ್ರಿ ಕರೆಂಟ್ ಬಂದರೆ ರಾತ್ರಿನೇ ನೀರು ಹಾಯಿಸಬೇಕು, ಇದು ಒಕ್ಕಲುತನದ ಮನೆಯವರಿಗೆ ಗೊತ್ತಿರೋ ಸಂಗತಿ. ಕಾಕಾ ಊಟ ಮಾಡಿ ಎದ್ದ. ರೂಢಿ ಪ್ರಕಾರ ಕೈ ಗೂಟಕ್ಕೆ ಹೋಯ್ತಂತ. ಏನೂ ಸಿಗಲಿಲ್ಲ. ಮೊಬೈಲ್ ತಗೊಂಡು ಹೋದ.

ಹೋಗುವಾಗ ಮೊಬೈಲ್ ಲೈಟ್ ಹತ್ತಿತ್ತು. ಎರಡು ತಾಸು ನೀರು ಹಾಯಿಸಿ ತಿರುಗಿ ಬರುವಾಗ ಚಾರ್ಜ್ ತಳಕ್ಕೆ ಬಂದಿತ್ತು. ಚಾರ್ಜ್ ಬಹಳ ಕಡಿಮೆಯಾದಾಗ ಎಷ್ಟೋ ಮೊಬೈಲುಗಳು ಫೋನ್ ಮಾಡಲಿಕ್ಕಾದರೂ ಉಳೀಲಿ ಅಂತ ಲೈಟನ್ನು ತಾವೇ ಬಂದ್ ಮಾಡ್ತಾವ. ಅದರ ತಪ್ಪಲ್ಲ ಬಿಡ್ರಿ. ಒಂದೇ ಡಬ್ಬಿಗೆ ನಾವು ಎಲ್ಲ ಕೆಲಸ ಹಚ್ಚಿದ್ದು ನಮ್ಮ ತಪ್ಪು.

ಬದುವಿನ ಮೇಲೆ ಹತ್ತಿಪ್ಪತ್ತು ಹೆಜ್ಜೆ. ದಿನಾ ನಡೆಯೋ ದಾರಿ, ಕಣ್ಣು ಮುಚ್ಚಿದರೂ ನಡೀಬಹುದು ಅಂದುಕೊಂಡ. ಕುಕ್ಕರ್ ಉಸಿರು ಬಿಟ್ಟಂಥ ಸಪ್ಪಳ ಕೇಳಿಸ್ತಂತ. ಕಾಲು ಆಗಲೇ ಕೆಳಗೆ ಇಟ್ಟಾಗಿತ್ತು.

4/7

ಕೊಳಕುಮಂಡಲ. ಹಿಮ್ಮಡದ ಮೇಲೆ ಎರಡು ಹಲ್ಲಿನ ಗುರುತು.

ಅವತ್ತು ನಮ್ಮ ಮನೆಯವರು ಮಾಡಿದ ಒಂದೊಂದು ಕೆಲಸನೂ ಬರೀತೀನಿ, ನಿಮಗೆ ಬೇಕಾಗ್ತದ. ಕಾಕಾ ಓಡಲಿಲ್ಲ. ಉಳಿದ ಚೂರು ಚಾರ್ಜಿನಲ್ಲಿ ಅಪ್ಪಗ ಫೋನ್ ಮಾಡಿ ಅಲ್ಲೇ ಕುಂತ. ಅಪ್ಪ ಮತ್ತ ಪಕ್ಕದ ಮನೆಯ ಅಣ್ಣ ಬೈಕ್ ತಂದರು. ಅವನನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಕೊಂಡು ಶಹಾಪುರದ ದವಾಖಾನಿಗೆ ಒಯ್ದರು. ಕಾಲಿಗೆ ಹಗ್ಗ ಬಿಗೀಲಿಲ್ಲ, ಬ್ಲೇಡ್ ಹಾಕಲಿಲ್ಲ, ಬಾಯಿಂದ ಹೀರಲಿಲ್ಲ. "ಮೊದ್ಲ ಮಂತ್ರ ಹಾಕ್ಸ್ರಿ" ಅಂತ ಯಾರೋ ಅಂದರಂತ. ಅಪ್ಪ ಗಾಡಿ ನಿಲ್ಲಿಸಲಿಲ್ಲ.

ದವಾಖಾನಿಯಲ್ಲಿ ಡಾಕ್ಟರು ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟರು. ಆರಾಮ ಇದ್ದವರ ರಕ್ತ ಅಷ್ಟರೊಳಗೆ ಹೆಪ್ಪುಗಟ್ಟಬೇಕು. ಕಾಕಾನದು ನೀರಿನಂಗೇ ಉಳೀತು. ಮಂಡಲದ ವಿಷ ರಕ್ತ ಹೆಪ್ಪುಗಟ್ಟೋ ಶಕ್ತಿಯನ್ನೇ ತಿಂದು ಹಾಕ್ತದ, ಆಮೇಲೆ ಕಿಡ್ನಿಗೆ ಹೋಗ್ತದ. ಅಲ್ಲೇ ಹಾವಿನ ವಿಷದ ಇಂಜೆಕ್ಷನ್ ಶುರು ಮಾಡಿ, ಅದೇ ರಾತ್ರಿ ಕಲಬುರಗಿಗೆ ಕಳಿಸಿದರು.

ಬೆಳಗ್ಗೆ ಐದಕ್ಕೆ ಅಪ್ಪನ ಫೋನ್. ನಾನು ಹಾಸ್ಟೆಲಿಂದ ಓಡಿದೆ. ಕಾಲು ತೊಡೆತನಕ ಬಾತಿತ್ತು. ಎರಡು ಸಲ ಡಯಾಲಿಸಿಸ್ ಆಯ್ತು. ಹದಿನಾರು ದಿನ ವಾರ್ಡಿನಲ್ಲಿದ್ದ. ಕಾಕಾ ಉಳಿದ. ಒಂದು ಬೆರಳು ಹೋಯ್ತು, ನಡಿಗೆಯಲ್ಲಿ ಚೂರು ಕುಂಟು ಉಳೀತು.

ಬ್ಯಾಟ್ರಿ ವಿಷಯ ಯಾರೂ ಎತ್ತಲಿಲ್ಲ. ಅವ್ವನೂ ಎತ್ತಲಿಲ್ಲ. ಅದೇ ತಡಕೊಳ್ಳಲಿಕ್ಕೆ ಆಗಲಿಲ್ಲ ನನಗೆ. ಕಡೆಗೆ ನಾನೇ ಕಾಕಾನ ಮಂಚದ ಹತ್ರ ಕುಂತು ಅಂದೆ: "ಕಾಕಾ, ಬ್ಯಾಟ್ರಿ ನನ್ನ ಬ್ಯಾಗಿನ್ಯಾಗಿತ್ತು."

"ಗೊತ್ತದ ಯವ್ವಾ," ಅಂದ. "ಹಂಪಿಯೊಳಗ ಛಲೋ ಬೆಳಕು ಬಿತ್ತಿಲ್ಲೋ?"

ನಾನು ಅಳೋದು ನೋಡಿ ಮತ್ತ ಅಂದ: "ನೀ ಒಯ್ದಿದ್ದು ತಪ್ಪಲ್ಲ. ದಾರಿ ಹಿಡಿಯೋರು ಬೆಳಕು ಒಯ್ಯಬೇಕು. ಮನಿಯೊಳಗ ಇನ್ನೊಂದು ಇಟ್ಟಿರಬೇಕಿತ್ತು, ಅಷ್ಟೇ."

5/7

ಇದು ನಮ್ಮ ಒಂದು ಮನೆಯ ಕಥಿ ಅಂತ ಸ್ಕ್ರೋಲ್ ಮಾಡಬ್ಯಾಡ್ರಿ. 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ, ಮಳೆಗಾಲದಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ದವಾಖಾನಿಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಹಾವು ನಮ್ಮನ್ನು ಹುಡುಕಿಕೊಂಡು ಬರೋದಿಲ್ಲ. ನಾವು ನೋಡದೆ ಅದರ ಮೇಲೆ ಕಾಲಿಡ್ತೀವಿ. ಅದಕ್ಕೇ ಬೆಳಕನ್ನು ಹೆಂಗ ಹಿಡೀಬೇಕು ಅನ್ನೋದು ಮುಖ್ಯ. ಬ್ಯಾಟ್ರಿಯನ್ನು ಮುಖದ ಎತ್ತರಕ್ಕೆ ಹಿಡಿದರೆ ನೆಲವೆಲ್ಲ ಒಂದೇ ಸಮ ಬೆಳ್ಳಗೆ ಕಾಣ್ತದ. ಕೈ ಇಳಿಬಿಟ್ಟು, ತೊಡೆಯ ಮಟ್ಟದಲ್ಲಿ ಹಿಡಿದು, ನಾಲ್ಕೈದು ಹೆಜ್ಜೆ ಮುಂದಕ್ಕೆ ಬಿಡ್ರಿ. ಬೆಳಕು ಓರೆಯಾಗಿ ಬೀಳ್ತದ, ಸಣ್ಣ ಹಳ್ಳಕ್ಕೂ ಕಲ್ಲಿಗೂ ಉದ್ದ ನೆರಳು ಏಳ್ತದ. ಸುರುಳಿ ಸುತ್ತಿ ಮಲಗಿದ್ದಕ್ಕೂ ಏಳ್ತದ.

ಇದೇ ವಿದ್ಯೆ ಶಾಸನ ಓದೋರದ್ದೂ ಹೌದು. ನಮ್ಮೂರಿನ ಹಳೇ ಕಲ್ಲಿನ ಗುಡಿಗಳನ್ನು ನೋಡಲಿಕ್ಕೆ ಬಂದ್ರೆ ಮಾಡಿ ನೋಡ್ರಿ. ಸವೆದ ಕಲ್ಲಿಗೆ ಎದುರಿಂದ ಬೆಳಕು ಬಿಟ್ಟರೆ ಏನೂ ಕಾಣೋದಿಲ್ಲ. ಬ್ಯಾಟ್ರಿಯನ್ನು ಕಲ್ಲಿನ ಅಂಚಿಗೆ ತಾಗಿಸಿದಂಗ ಹಿಡಿದರೆ ಕೆತ್ತಿದ ಗೆರೆಗಳೆಲ್ಲ ಎದ್ದು ನಿಲ್ತಾವ. ನಮ್ಮ ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲು ಕಾಳಿ ಮೂರ್ತಿಯ ಪೀಠವಾಗಿ ಎಷ್ಟೋ ಕಾಲ ಕತ್ತಲೆಯಲ್ಲೇ ಇತ್ತು. 1986ರಲ್ಲಿ ಆ ಗುಡಿಯ ಚಾವಣಿ ಕುಸಿದ ಮೇಲೆ ಅಕ್ಷರ ಹೊರಗೆ ಬಂದವು.

ಇನ್ನೊಂದು ಮಾತು. ಕಟ್ಟುಹಾವು ರಾತ್ರಿ ಓಡಾಡ್ತದ, ಕಚ್ಚಿದರೆ ನೋವೂ ಹೆಚ್ಚು ಗೊತ್ತಾಗೋದಿಲ್ಲ. ಊರ ಜಾತ್ರಿಗೋ ಮದುವಿಗೋ ಹೋಗಿ ನೆಲದ ಮೇಲೆ ಮಲಗೋ ಪ್ರಸಂಗ ಬಂದರೆ, ಹಾಸಿಗೆ ಝಾಡಿಸಿ, ಮೂಲೆಮೂಲೆಗೆ ಬ್ಯಾಟ್ರಿ ಬಿಟ್ಟು, ಸೊಳ್ಳೆ ಪರದೆಯನ್ನು ಹಾಸಿಗೆ ಕೆಳಗೆ ಸಿಗಿಸಿ ಮಲಗ್ರಿ. ಬೆಳಗ್ಗೆ ಬೂಟು ಹಾಕುವಾಗ ಒಳಗೆ ಒಮ್ಮೆ ಬೆಳಕು ಬಿಡ್ರಿ. ಚೇಳಿಗೆ ಬೂಟು ಬಹಳ ಸೇರ್ತದ.

6/7

ಈಗ ಕೊಳ್ಳೋ ಮಾತು. ದುಬಾರಿದು ಬ್ಯಾಡ. ನನ್ನದು ಇನ್ನೂರು ರೂಪಾಯಿ ಒಳಗಿನದು.

ಡಬ್ಬಿ ಮೇಲೆ ಲ್ಯುಮೆನ್ ಅಂತ ಅಂಕಿ ಇರ್ತದ, ಅದು ಒಟ್ಟು ಬೆಳಕಿನ ಲೆಕ್ಕ. ನಡೀಲಿಕ್ಕೆ 50ರಿಂದ 100 ಸಾಕು. ಸಾವಿರದ್ದು ತಗೊಂಡರೆ ಸೆಲ್ ಬೇಗ ಖಾಲಿ, ಎದುರಿಗೆ ಬಂದವರ ಕಣ್ಣಿಗೂ ತ್ರಾಸು. ಕಡಿಮೆ, ಹೆಚ್ಚು ಎರಡೂ ಮಾಡಲಿಕ್ಕೆ ಬರೋದು ಇದ್ದರೆ ಛಲೋ. ಬಸ್ಸಿನಲ್ಲಿ ಪಕ್ಕದವರು ಮಲಗಿದಾಗ ಕಡಿಮೆ ಬೆಳಕೇ ಬೇಕು.

ಪೆನ್ಸಿಲ್ ಸೆಲ್ಲಿನದು ತಗೊಂಡರೆ ಯಾವ ಊರಿನ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗ್ತದ. ಚಾರ್ಜ್ ಮಾಡೋದು ತಗೊಂಡರೆ ತಿಂಗಳಿಗೊಮ್ಮೆ ನೆನಪಿಟ್ಟು ಚಾರ್ಜ್ ಹಾಕ್ರಿ. ಬ್ಯಾಗಿನಲ್ಲಿ ಗುಂಡಿ ಒತ್ತಿಹೋಗಿ ತಾನೇ ಹತ್ತೋ ಕಾಟ ಇದ್ದರೆ, ಹಿಂದಿನ ಮುಚ್ಚಳ ಅರ್ಧ ಸುತ್ತು ಸಡಿಲ ಮಾಡ್ರಿ. ಬಹಳ ದಿನ ಬಳಸೋದಿಲ್ಲ ಅಂದ್ರೆ ಸೆಲ್ ತೆಗೆದಿಡ್ರಿ, ಇಲ್ಲಾಂದ್ರೆ ಸೋರಿ ಒಳಗೆಲ್ಲ ಕಿಲುಬು ಹಿಡೀತದ. ವಿಮಾನದಲ್ಲಿ ಹೋಗೋರು ಬಿಡಿ ಲಿಥಿಯಂ ಸೆಲ್‌ಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕಂಗಿಲ್ಲ.

ಮುತ್ಯಾನ ಮೂರು ಸೆಲ್ಲಿನ ಕೆಲಸವನ್ನು ಇಷ್ಟು ಸಣ್ಣದು ಹೆಂಗ ಮಾಡ್ತದ? ಹಳೇ ಬಲ್ಬಿನಲ್ಲಿ ತಂತಿ ಕಾಯಬೇಕಿತ್ತು, ಸೆಲ್ಲಿನ ಶಕ್ತಿಯೆಲ್ಲ ಬಿಸಿಯಾಗೇ ಹೋಗ್ತಿತ್ತು. ಈಗಿನ ಎಲ್ಇಡಿಯಲ್ಲಿ ನೀಲಿ ಬೆಳಕು ಹಳದಿ ಲೇಪದ ಮೂಲಕ ಹಾದು ಬಿಳಿಯಾಗ್ತದ. ಆ ನೀಲಿ ಎಲ್ಇಡಿ ಮಾಡಿದ್ದಕ್ಕೆ ಅಕಾಸಾಕಿ, ಅಮಾನೊ, ನಕಾಮುರಾ ಅನ್ನೋ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಆ ನೊಬೆಲ್ ಈಗ ನಿಮ್ಮ ಜೇಬಿನಲ್ಲಿ ಕೂಡ್ತದ ಅನ್ನಿ.

ಕಚ್ಚಿಬಿಟ್ಟರೆ? ಬ್ಯಾಟ್ರಿ ಔಷಧ ಅಲ್ಲ. ಅಲುಗಾಡಬ್ಯಾಡ್ರಿ, ಉಂಗುರ ಕಾಲುಂಗುರ ಬಿಚ್ಚಿರಿ, 108ಕ್ಕೆ ಫೋನ್ ಮಾಡ್ರಿ, ಇಂಜೆಕ್ಷನ್ ಇರೋ ದವಾಖಾನಿಗೆ ನೆಟ್ಟಗೆ ಹೋಗ್ರಿ. ಹಾವನ್ನು ಹಿಡಿಯೋ, ಹೊಡೆಯೋ ಉಸಾಬರಿ ಬ್ಯಾಡ. ಫೋನ್ ಮಾಡಲಿಕ್ಕೆ ಚಾರ್ಜ್ ಉಳಿದಿರಬೇಕು ಅಂದ್ರೆ ಬೆಳಕಿನ ಕೆಲಸ ಬ್ಯಾರೆಯವರಿಗೆ ಕೊಟ್ಟಿರಬೇಕು. ಶುರುವಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

7/7

ಕಡೇ ಫೋಟೋ ಹೋದ ತಿಂಗಳಿನದು. ಕೊನೆಯ ಬಸ್ಸಿಗೆ ಊರಿಗೆ ಹೋದೆ. ಬಸ್ ಇಳಿದಾಗ ಬೀದಿದೀಪ ಇರಲಿಲ್ಲ. ಬ್ಯಾಟ್ರಿ ತೆಗೆದು ತೊಡೆ ಮಟ್ಟಕ್ಕೆ ಹಿಡಿದು ಹೊರಟೆ. ಸ್ವಲ್ಪ ದೂರದಲ್ಲಿ ಇನ್ನೊಂದು ಬೆಳಕು, ಅದೂ ಕೆಳಗೇ ಹಿಡಿದದ್ದು, ಚೂರು ಎಡಕ್ಕೆ ಬಾಗಿ ಬಾಗಿ ಬರ್ತಿತ್ತು. ಆ ಕುಂಟು ನನಗೆ ಗುರುತು ಸಿಗೋದಿಲ್ಲೇನು?

"ಯಾಕ ಬಂದಿ ಕಾಕಾ? ನನ್ನ ಹಂತ್ಯಾಕ ಬ್ಯಾಟ್ರಿ ಅದಲ್ಲ."

"ಇರ್ಲಿ ತಗೋ. ಎರಡಿದ್ರ ದಾರಿ ಅಗಲ ಕಾಣ್ತದ."

ಮನೆ ಮುಟ್ಟಿದ ಮೇಲೆ ಅವನು ತನ್ನದನ್ನು ಗೂಟಕ್ಕೆ ಹಾಕಿದ. ನಾನು ನನ್ನದನ್ನು ಬ್ಯಾಗಿನ ಹೊರ ಜೇಬಿಗೆ ಹಾಕಿದೆ. ಈಗ ನಮ್ಮ ಮನೆಯ ನಿಯಮ ಇದು: ಗೂಟದ್ದು ಗೂಟಕ್ಕೇ, ಬ್ಯಾಗಿನದು ಬ್ಯಾಗಿಗೇ.

ನೀವೂ ಹಬ್ಬಕ್ಕೆ ಊರಿಗೆ ಹೋಗುವಾಗ ಎರಡು ತಗೊಳ್ರಿ. ಒಂದು ನಿಮ್ಮ ದಾರಿಗೆ, ಇನ್ನೊಂದು ಮನೆಯಲ್ಲಿ ಇರೋರಿಗೆ. ಮತ್ತ ಮನೆಯಿಂದ ಹೇಳದೆ ಕೇಳದೆ ತಂದದ್ದು ಏನಾದರೂ ನಿಮ್ಮ ಹಾಸ್ಟೆಲ್ ಮಂಚದ ಕೆಳಗೆ ಬಿದ್ದಿದ್ದರೆ, ಈ ಐತಾರನೇ ಒಯ್ದು ಕೊಡ್ರಿ.

ನಿಮ್ಮ ಮನೆಯ ಬ್ಯಾಟ್ರಿ ಎಲ್ಲಿ ಅದ? ಅವ್ವಗ ಒಂದು ಫೋನ್ ಮಾಡಿ ಕೇಳಿ, ಕಾಮೆಂಟಿನ್ಯಾಗ ಬರೀರಿ.

#ನನ್ನಬ್ಯಾಗಿನಕಥಿ #ಶಿರವಾಳ #ಗೂಟದಬ್ಯಾಟ್ರಿ