ಕಾಲು ನೋಡುವ ಕೆಲಸ

ಬೆಳಗಿನ ಐದೂವರೆಗೆ ನಮ್ಮ ಸೋಮನಹಳ್ಳಿಯ ಹೆದ್ದಾರಿ ಪಕ್ಕದ ರಸ್ತೆಯಲ್ಲಿ ನಾಲ್ಕಾರು ಹುಡುಗರು ಓಡುತ್ತಾರೆ. 1600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಬೇಕೆಂಬುದು ಅವರ ಹಟ. ಅಗ್ನಿವೀರರ ಭರ್ತಿಗೆ ತಯಾರಿ. ಅವರಲ್ಲೊಬ್ಬ ನಮ್ಮಣ್ಣನ ಮಗ. ಅವನು ಈ ಮಾತೆತ್ತಿದ ದಿನದಿಂದ ಅತ್ತಿಗೆ ಅವನೊಂದಿಗೆ ಸರಿಯಾಗಿ ಮಾತಾಡಿಲ್ಲ. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ನೂರರಲ್ಲಿ ಇಪ್ಪತ್ತೈದು ಮಂದಿಯವರೆಗೆ ಉಳಿಸಿಕೊಳ್ಳುತ್ತೇವೆಂದು ಸರಕಾರ ಹೇಳಿತ್ತು. "ಮಿಕ್ಕವರು ಯಾರ ಮನೆ ಮಕ್ಕಳು?" ಎಂಬುದು ಅತ್ತಿಗೆಯ ಪ್ರಶ್ನೆ. ಉತ್ತರ ಹೇಳಬೇಕಾದ ಅಣ್ಣ ಬಾಯಿ ಬಿಡುತ್ತಿಲ್ಲ.

ಅಣ್ಣ ಸ್ವತಃ ಸೇನೆಯಲ್ಲಿದ್ದವನು. ವೈದ್ಯಕೀಯ ದಳದಲ್ಲಿ ಶುಶ್ರೂಷೆಯ ಸಹಾಯಕ. ನಿವೃತ್ತನಾಗಿ ಬಂದಾಗ ಊರವರು ಕೇಳಿದ್ದು ಒಂದೇ, "ಎಷ್ಟು ಜನರನ್ನು ಹೊಡೆದಿರಿ?" ಅಣ್ಣ ನಗುತ್ತಾ, "ನಾನು ಕಾಲು ನೋಡುತ್ತಿದ್ದೆ" ಎನ್ನುತ್ತಿದ್ದ. ನಮಗೆ ನಾಚಿಕೆಯಾಗುತ್ತಿತ್ತು. ನಮ್ಮ ಕೇರಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಆ ಮನೆಯಿಂದ ಒಬ್ಬ ಗಡಿಗೆ ಹೋಗಿ ಬಂದಿದ್ದಾನೆಂಬ ಹೆಮ್ಮೆಯನ್ನು ಅವನು ಹೀಗೆ ಹಾಳುಮಾಡಬಾರದಿತ್ತು ಎನಿಸುತ್ತಿತ್ತು.

ಕಾಲು ನೋಡುವುದೆಂದರೇನೆಂದು ನಾವು ವಿಚಾರಿಸಿದ್ದು ತಡವಾಗಿ. ಹಿಮದ ಎತ್ತರಗಳಲ್ಲಿ ಗುಂಡಿಗಿಂತ ಮೊದಲು ಚಳಿ ಕೊಲ್ಲುತ್ತದೆ. ಸಿಯಾಚಿನ್‌ನಲ್ಲಿ ಸತ್ತವರಲ್ಲಿ ಹೆಚ್ಚಿನವರು ಶತ್ರುವಿನ ಗುಂಡಿಗೆ ಸತ್ತವರಲ್ಲ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಅಲ್ಲಿ ಹಿಮದಡಿ ಆರು ದಿನ ಹೂತುಹೋಗಿದ್ದು, ಜೀವಂತವಾಗಿ ಸಿಕ್ಕಿ, ಮತ್ತೆ ಉಳಿಯದೇ ಹೋದದ್ದು ಕನ್ನಡಿಗರೆಲ್ಲರಿಗೂ ನೆನಪಿರಬೇಕು. ಅಂಥ ಕಡೆ ಜವಾನರ ಬೂಟು ಬಿಚ್ಚಿಸಿ, ಒದ್ದೆ ಕಾಲುಚೀಲ ತೆಗೆಸಿ, ಬೆರಳು ಬೆರಳಿನ ಸಂದು ನೋಡಬೇಕು. ಬೆಳ್ಳಗಾದ ಬೆರಳನ್ನು ತಿಕ್ಕಬಾರದು. ಮೈಯ ಬಿಸಿಗಿಂತ ತುಸುವೇ ಹೆಚ್ಚು ಬಿಸಿಯಿರುವ ನೀರಿನಲ್ಲಿ ಇಡಬೇಕು. ಮರಗಟ್ಟಿದ ಕಾಲು ನೋಯುವುದಿಲ್ಲ. ಅಪಾಯ ಇರುವುದೇ ಅಲ್ಲಿ. "ನನಗೇನಾಗಿಲ್ಲ ಎನ್ನುವವನ ಬೂಟನ್ನೇ ಮೊದಲು ಬಿಚ್ಚಿಸುತ್ತಿದ್ದೆವು" ಎಂದ ಅಣ್ಣ.

ಪವಿತ್ರ ಗುರುವಾರ ನಮ್ಮ ದೇವಾಲಯಗಳಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪು ಅದು. (2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಒಂದು ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ತೊಳೆದ ಕಾಲುಗಳಲ್ಲಿ ಒಬ್ಬ ಮುಸ್ಲಿಂ ಹುಡುಗಿಯ ಕಾಲೂ ಇತ್ತು.) ಒಂದು ವರ್ಷ, "ಯೋಧ" ಎಂಬ ಗೌರವಕ್ಕೆ ಅಣ್ಣನನ್ನು ಆ ಹನ್ನೆರಡರಲ್ಲಿ ಕೂರಿಸಲು ಕೇಳಿದರು. ಅಣ್ಣ ಒಪ್ಪಲಿಲ್ಲ. ಇದೆಂಥ ಬಿಗುಮಾನ ಎಂದು ನಾವು ಜಗಳವಾಡಿದೆವು. ನಾಲ್ಕು ಜನರೆದುರು ಆಡಬಾರದ ಮಾತನ್ನೂ ಆಡಿದೆವು. ಅವನು ಹೇಳಿದ್ದು ಇಷ್ಟು: "ಒಬ್ಬ ಹುಡುಗನ ಕಾಲು ನೋಡುವುದು ಒಂದು ದಿನ ತಡವಾಯಿತು. ಮೂರು ಬೆರಳು ತೆಗೆಯಬೇಕಾಯಿತು. ಅಲ್ಲಿ ಕೂತರೆ ಅದೇ ನೆನಪಾಗುತ್ತದೆ."

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ನಲವತ್ತು ಮಂದಿ ಹತರಾದರು. ಒಬ್ಬರು ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಗುರು. ಶನಿವಾರ ಅವರ ದೇಹ ಬರುವಾಗ ರಸ್ತೆಯುದ್ದಕ್ಕೂ ಜನ. ಘೋಷಣೆ, ಬಾವುಟ, ಹೂವು. ನಾವೂ ಕೂಗಿದೆವು. ಅಣ್ಣ ಟೋಪಿ ತೆಗೆದು ಹಿಂದೆ ನಿಂತಿದ್ದ. ಪಕ್ಕದಲ್ಲೊಬ್ಬರು "ಎಂಥ ತ್ಯಾಗ!" ಎಂದರು. ಅಣ್ಣ ಮೆಲ್ಲಗೆ, "ಅವರು ಬಸ್ಸಿನಲ್ಲಿ ಕೂತು ಕೆಲಸಕ್ಕೆ ಹೋಗುತ್ತಿದ್ದರು. ರಜೆ ಮುಗಿದಿತ್ತು, ಹೋಗಬೇಕಿತ್ತು" ಎಂದ. ಆ ಮಾತು ಅಂದು ನಮಗೆ ಹಿತವಾಗಲಿಲ್ಲ. ಈಗ ಯೋಚಿಸಿದರೆ, ತ್ಯಾಗ ಎಂಬ ಪದವನ್ನು ಕೊಡುವವರು ಬಳಸುವುದು ಕಡಿಮೆ, ನಿಂತು ನೋಡುವವರೇ ಹೆಚ್ಚು ಎನಿಸುತ್ತದೆ. ನಮ್ಮ ಪೂಜೆಗೆ ಬಲಿಪೂಜೆ ಎಂದು ಹೆಸರು. ವಾರವಾರವೂ ಹೇಳಿ ಹೇಳಿ ಆ 'ಬಲಿ'ಯ ಭಾರ ನಮಗೆ ತಿಳಿಯದೇ ಹೋಗಿದೆ.

ಅದೇ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವೆಲ್ಲ ಹೇಳುವ ಪ್ರಾರ್ಥನೆ ಒಬ್ಬ ಸೈನಿಕನ ಮಾತಿನಿಂದ ಬಂದದ್ದು. ಕಫೆರ್ನವುಮಿನ ರೋಮನ್ ಶತಾಧಿಪತಿ, ಆಳುವವರ ಸೈನ್ಯದವನು, ನೀವು ನನ್ನ ಮನೆಗೆ ಬರುವಷ್ಟು ಯೋಗ್ಯನಲ್ಲ ಎಂದು ಯೇಸುವಿಗೆ ಹೇಳಿದ. ಅವನು ಬೇಡಿದ್ದು ತನಗಾಗಿ ಅಲ್ಲ, ಮನೆಯ ಆಳಿಗಾಗಿ. ಹಾಸಿಗೆ ಹಿಡಿದ ಆಳಿನ ಕಡೆ ನೋಡಿದ ಆ ಅಧಿಕಾರಿಯ ವಿನಯ ನಮಗೆ ಅರ್ಥವಾದದ್ದು ಅಣ್ಣನಿಂದ.

ಹಾಗೆಂದು ಕ್ರೈಸ್ತ ಧರ್ಮ ಸೈನ್ಯಸೇವೆಯನ್ನು ಸುಮ್ಮನೆ ಹರಸಿತೆಂದಲ್ಲ. ಮುಸ್ಲಿಮರು ಯಹ್ಯಾ ಎನ್ನುವ ಸ್ನಾನಿಕ ಯೊವಾನ್ನ ತನ್ನ ಬಳಿ ಬಂದ ಸೈನಿಕರಿಗೆ ಕೆಲಸ ಬಿಡಿ ಎನ್ನಲಿಲ್ಲ. ಯಾರನ್ನೂ ಸುಲಿಯಬೇಡಿ, ಸಂಬಳಕ್ಕೆ ತೃಪ್ತರಾಗಿ ಎಂದ. ಆದರೆ 295ರಲ್ಲಿ ಉತ್ತರ ಆಫ್ರಿಕದ ಮ್ಯಾಕ್ಸಿಮಿಲಿಯನ್ ಎಂಬ ತರುಣ, ಹಳೆಯ ಸೈನಿಕನ ಮಗ, ಕ್ರೈಸ್ತನಾದ ತಾನು ಸೈನ್ಯ ಸೇರಲಾರೆನೆಂದು ತಲೆ ಕೊಟ್ಟ. ಸಭೆ ಅವನನ್ನೂ ಸಂತನೆನ್ನುತ್ತದೆ. ಇದನ್ನು ಅತ್ತಿಗೆಗೆ ಹೇಳಿದ್ದು ನಮ್ಮ ತಪ್ಪೋ ಏನೋ. ಆಕೆಗೊಂದು ಆಧಾರ ಸಿಕ್ಕಿತು.

ಮೊನ್ನೆ ಓಡಿ ಬಂದ ಹುಡುಗ ಕುಂಟುತ್ತಿದ್ದ. ಏನೂ ಆಗಿಲ್ಲ ಎಂದ. ಅಣ್ಣ ಏನೂ ಹೇಳದೆ ಜಗಲಿಯಲ್ಲಿ ಕೂರಿಸಿ ಬೂಟು ಬಿಚ್ಚಿದ. ಹಿಮ್ಮಡಿಯಲ್ಲಿ ಬೊಬ್ಬೆ ಒಡೆದಿತ್ತು. ಅತ್ತಿಗೆ ಒಳಗಿನಿಂದ ನೀರು ತಂದಿಟ್ಟರು. ಮಾತು ಮಾತ್ರ ಆಡಲಿಲ್ಲ.