ಹ್ಯಾವ್‌ಲಾಕ್‌ನ ಕಡಲಲ್ಲಿ ಮೂರು ತಲೆಮಾರು

2018ರ ಡಿಸೆಂಬರಿನಲ್ಲಿ ಸ್ವರಾಜ್ ದ್ವೀಪವೆಂಬ ಹೆಸರು ಪಡೆದರೂ ಪ್ರವಾಸಿಗರ ಬಾಯಲ್ಲಿ ಹ್ಯಾವ್‌ಲಾಕ್ ಆಗಿಯೇ ಉಳಿದಿರುವ ಅಂಡಮಾನಿನ ದ್ವೀಪಕ್ಕೆ ಈಗ ಶ್ರೀ ವಿಜಯ ಪುರಂ ಎನಿಸಿರುವ ಪೋರ್ಟ್ ಬ್ಲೇರಿನಿಂದ ವೇಗದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಅಜ್ಜಿ, ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗಳು ಮತ್ತು ಎಂಟರ ಮೊಮ್ಮಗ, ಹೀಗೆ ಮೂರು ತಲೆಮಾರಿನವರು ಬೆಂಗಳೂರಿನಿಂದ ಹೊರಟು ಜನವರಿಯಲ್ಲಿ ಅಲ್ಲಿಗೆ ಬಂದಿಳಿದಾಗ ಮೊದಲು ಗಮನಕ್ಕೆ ಬಂದದ್ದು ಹಗಲಿನ ಲೆಕ್ಕ. ಭಾರತದ ಕಾಲಮಾನವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ, ದ್ವೀಪವಾದರೋ 93 ಡಿಗ್ರಿಯ ಸಮೀಪದಲ್ಲಿದೆ. ಆದ್ದರಿಂದ ಸೂರ್ಯನು ಗಡಿಯಾರಕ್ಕಿಂತ ನಲವತ್ತು ನಿಮಿಷಗಳಷ್ಟು ಮುಂದಿದ್ದು, ಸಂಜೆ ಆರಕ್ಕೆ ಮೊದಲೇ ಕತ್ತಲಾಗುತ್ತದೆ, ಕಡಲಿನ ಚಟುವಟಿಕೆಗಳೆಲ್ಲ ಬೆಳಗಿನ ಪಾಲಿಗೆ ಬರುತ್ತವೆ.

ಎಲಿಫೆಂಟ್ ಬೀಚಿಗೆ ಕಾಡಿನ ಕಾಲುದಾರಿಯೂ ಇದೆ, ಜೆಟ್ಟಿಯಿಂದ ದೋಣಿಯೂ ಇದೆ. ಅಜ್ಜಿಯ ಮಂಡಿನೋವು ದೋಣಿಯನ್ನೇ ಆರಿಸಿತು. ಅಲ್ಲಿ ನಡೆಯುವ ಸ್ನಾರ್ಕೆಲಿಂಗ್ ಎಂದರೆ ಕಣ್ಣು ಮೂಗನ್ನು ಮುಚ್ಚುವ ಗಾಜಿನ ಮುಖವಾಡ ತೊಟ್ಟು, ನೀರಿನ ಮೇಲಕ್ಕೆ ಚಾಚಿದ ಕೊಳವೆಯಿಂದ ಬಾಯಲ್ಲಿ ಉಸಿರಾಡುತ್ತ, ಮೋರೆ ಕೆಳಗೆ ಮಾಡಿ ತೇಲುವುದು. ಈಜು ಬಾರದವರನ್ನು ಗಾಳಿ ತುಂಬಿದ ಬಳೆಯೊಂದಕ್ಕೆ ಕೈಹಿಡಿಸಿ ಮಾರ್ಗದರ್ಶಿಯೇ ಎಳೆದೊಯ್ಯುವುದರಿಂದ ಇದನ್ನು ಸಾಹಸವೆನ್ನಲು ಕೆಲವರು ಹಿಂಜರಿಯಬಹುದು, ಆದರೆ ಆಳವಿಲ್ಲದ ನೀರಿನಲ್ಲಿ ಬಿಸಿಲು ತಳ ಮುಟ್ಟುವ ಕಾರಣ ಹವಳದ ಬಣ್ಣಗಳು ಇಲ್ಲಿ ಕಂಡಷ್ಟು ನಿಚ್ಚಳವಾಗಿ ಆಳದಲ್ಲಿ ಕಾಣುವುದಿಲ್ಲ. ಹವಳವು ಕಲ್ಲಿನಂತೆ ತೋರಿದರೂ ಪಾಲಿಪ್ ಎಂಬ ಸಣ್ಣ ಜೀವಿಗಳ ವಸಾಹತು. ಅವುಗಳ ಅಂಗಾಂಶದಲ್ಲಿ ನೆಲೆಸಿದ ಪಾಚಿಯೇ ಅವಕ್ಕೆ ಬಹುಪಾಲು ಆಹಾರವನ್ನೂ ಬಣ್ಣವನ್ನೂ ಒದಗಿಸುತ್ತದೆ, ಕಡಲು ಅತಿಯಾಗಿ ಬಿಸಿಯಾದಾಗ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಅಂಡಮಾನಿನ ಹವಳಗಳಿಗೆ ಇಂಥ ಪೆಟ್ಟು ಬಲವಾಗಿಯೇ ಬಿದ್ದಿತ್ತು. ನೀರಿಗಿಳಿಯಲೊಪ್ಪದ ಅಜ್ಜಿ ಗಾಜಿನ ತಳದ ದೋಣಿಯಲ್ಲಿ ಕುಳಿತು, ಸೀರೆಯ ನೆರಿಗೆಯೂ ಒದ್ದೆಯಾಗದಂತೆ, ಅದೇ ಹವಳಗಳನ್ನು ನೋಡಿದರು.

ಸ್ಕೂಬಾ ಎಂಬುದು ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ನೀರಿನೊಳಗೆ ಇಳಿಯುವ ವಿಧಾನ. ಹೊಸಬರಿಗೆ ಸಾಮಾನ್ಯವಾಗಿ ಕನಿಷ್ಠ ವಯಸ್ಸು ಹತ್ತು, ಇಳಿಯಬಹುದಾದ ಆಳ ಹೆಚ್ಚೆಂದರೆ ಹನ್ನೆರಡು ಮೀಟರ್. ಈ ನಿಯಮದಿಂದಾಗಿ ಅಕ್ಕ ನೀರಿಗಿಳಿದಳು, ತಮ್ಮ ದಡದಲ್ಲಿ ಮುನಿಸಿಕೊಂಡು ಕುಳಿತ. ಕಡಲಿನ ಮೇಲ್ಮೈಯಲ್ಲಿ ಒಂದು ವಾಯುಭಾರದಷ್ಟಿರುವ ಒತ್ತಡವು ಹತ್ತು ಮೀಟರ್ ಆಳದಲ್ಲಿ ಇಮ್ಮಡಿಯಾಗಿ, ಕಿವಿಯೊಳಗಿನ ಗಾಳಿ ಕುಗ್ಗುವುದರಿಂದ, ಇಳಿಯುವಾಗ ಆಗಾಗ ಮೂಗು ಹಿಡಿದು ಮೆಲ್ಲನೆ ಊದಿ ಒತ್ತಡವನ್ನು ಸರಿದೂಗಿಸಬೇಕಾಗುತ್ತದೆ. ಏರುವಾಗಲಾದರೋ ಶ್ವಾಸಕೋಶದಲ್ಲಿನ ಗಾಳಿ ಹಿಗ್ಗಿ ಅದಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಉಸಿರು ಕಟ್ಟಬಾರದೆಂಬುದೇ ಮೊದಲ ಪಾಠ. ಮಾತಿಗೆ ಬದಲು ಕೈಸನ್ನೆಗಳಿರುತ್ತವೆ: ಹೆಬ್ಬೆರಳು ಮೇಲೆತ್ತಿದರೆ ಮೇಲಕ್ಕೆ ಹೋಗೋಣವೆಂದು ಅರ್ಥ, ಚೆನ್ನಾಗಿದೆಯೆಂದಲ್ಲ. ಮೊಮ್ಮಗಳು ಇದನ್ನು ತಂದೆಗಿಂತ ಬೇಗ ಕಲಿತಳು. ಖುಷಿಯಿಂದ ಹೆಬ್ಬೆರಳೆತ್ತಿದ ತಂದೆಯನ್ನು ತರಬೇತುದಾರ ತಕ್ಷಣ ಮೇಲಕ್ಕೆ ತಂದು ಬಿಟ್ಟ.

ಜೆಟ್ ಸ್ಕೀ, ಬನಾನಾ ಬೋಟ್‌ಗಳ ಬಗೆಗೆ ಹೇಳುವುದು ಹೆಚ್ಚಿಲ್ಲ. ಯಾವ ಕೆರೆಯಲ್ಲಾದರೂ ಸಿಗುವ ವೇಗ ಅದು, ಮುನಿದ ಹುಡುಗನನ್ನು ಸಮಾಧಾನಪಡಿಸಿದ್ದೊಂದೇ ಅದರ ಲಾಭ. ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ ರಾತ್ರಿ ನಡೆಸುವ ಕಯಾಕ್, ಅಂದರೆ ಹುಟ್ಟುಹಾಕಿ ನಡೆಸುವ ಕಿರಿದಾದ ದೋಣಿಯ ವಿಹಾರ, ಇದಕ್ಕೆ ತೀರ ಬೇರೆ. ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳು ನೀರು ಕದಡಿದೊಡನೆ ನೀಲಿಯಾಗಿ ಮಿನುಗುವುದರಿಂದ ಹುಟ್ಟಿನ ಪ್ರತಿ ಸೆಳೆತವೂ ಬೆಳಗುತ್ತದೆ, ಬೆಳದಿಂಗಳಿದ್ದರೆ ಮಾತ್ರ ಈ ಬೆಳಕು ಮಂಕಾಗುತ್ತದೆ. ಆದ್ದರಿಂದ ಇಂಥ ಪ್ರವಾಸದ ದಿನಗಳನ್ನು ಗೊತ್ತುಮಾಡುವಾಗ ಅಮಾವಾಸ್ಯೆಯ ಆಸುಪಾಸನ್ನು ಪಂಚಾಂಗದಲ್ಲಿ ನೋಡಿಕೊಳ್ಳುವುದು ಒಳಿತು. ಜತೆಗೆ, ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು ಹೊರಹೋಗಲು ಸಮಯ ಬೇಕಾಗಿ, ಸ್ಕೂಬಾದ ಬಳಿಕ ಹದಿನೆಂಟು ಗಂಟೆಯಾದರೂ ವಿಮಾನವೇರಬಾರದೆಂಬ ಎಚ್ಚರಿಕೆ ಇರುವುದರಿಂದ, ಮುಳುಗುವುದನ್ನು ಮೊದಲಿಗಿಟ್ಟು ರಾಧಾನಗರ ಕಡಲತೀರದ ಮರಳನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಕು.