ತಪ್ಪಲಪಲ್ಯಕ್ಕೊಂದು ಚೀಟಿ

ಹೆಂಗಸರ ಕೈಚೀಲಕ್ಕೆ ಬಾಯಿ ಬಂದಿದ್ದರೆ ಬಡತನವನ್ನು ಅಳೆಯಲು ಸರಕಾರಕ್ಕೆ ಬೇರೆ ಗಣತಿದಾರರು ಬೇಕಾಗುತ್ತಿರಲಿಲ್ಲ. ಯಾವ ತಿಂಗಳು ಪಗಾರ ತಡವಾಯಿತು, ಯಾವ ವಾರ ಮಗುವಿಗೆ ಜ್ವರ ಬಂತು, ಮನೆ ಬಾಡಿಗೆ ಯಾವಾಗ ಏರಿತು, ಎಲ್ಲವನ್ನೂ ಅದೇ ಹೇಳಿಬಿಡುತ್ತಿತ್ತು. ಕೈ ಬಿಗಿಯಾದಾಗ ನಾವು ಮೊದಲು ಬಿಡುವುದು ಹಣ್ಣನ್ನು. ಆಮೇಲೆ ಕಾಯಿಪಲ್ಯ ಅರ್ಧ ಕಿಲೋದಿಂದ ಪಾವು ಕಿಲೋಕ್ಕೆ ಇಳಿಯುತ್ತದೆ. ಅದಕ್ಕೂ ಆಚೆ ಹೋದರೆ ರೊಟ್ಟಿ, ಕೆಂಪು ಹಿಂಡಿ, ನೆಂಜಿಕೊಳ್ಳಲು ಒಂದು ಹಸಿ ಉಳ್ಳಾಗಡ್ಡಿ. ಹೊಟ್ಟೆಯೇನೋ ತುಂಬುತ್ತದೆ. ಯಾರೂ ಉಪವಾಸ ಮಲಗುವುದಿಲ್ಲ. ಆದ್ದರಿಂದಲೇ ಇದು ಯಾರ ಲೆಕ್ಕದಲ್ಲೂ ಹಸಿವೆಯೆಂದು ದಾಖಲಾಗುವುದಿಲ್ಲ.

ನಾನಿರುವುದು ವಿಜಯಪುರದ ಇಬ್ರಾಹಿಂಪುರದಲ್ಲಿ. ರೈಲುಹಳಿಯ ಆಚೆ ಈಚೆ ಹಳೆಯ ಮನೆ, ಹೊಸ ಬಡಾವಣೆ, ತಗಡಿನ ಶೆಡ್ಡು ಎಲ್ಲವೂ ಒಂದರ ಪಕ್ಕ ಒಂದು ಕೂತಿರುವ ಜಾಗ. ಬೆಳಿಗ್ಗೆ ತಿಕೋಟಾದ ಕಡೆಯಿಂದ ಒಬ್ಬಾಕೆ ಬುಟ್ಟಿ ಹೊತ್ತು ಬರುತ್ತಾಳೆ. ಮೆಂತ್ಯೆ, ರಾಜಗಿರಿ, ಪುಂಡಿಪಲ್ಯ, ಎಳೆಯ ಹಕ್ಕರಕಿ, ಕೆಲವೊಮ್ಮೆ ಚವಳಿಕಾಯಿ. ಬೆಳಗಿನ ಗಿರಾಕಿಗಳೆಂದರೆ ನನ್ನಂಥವರು. ಕಟ್ಟು ಬಿಚ್ಚಿ ನೋಡಿ, ಎರಡು ರೂಪಾಯಿಗೆ ಜಗ್ಗಾಡಿ, ಮೇಲೊಂದಿಷ್ಟು ಕೊತ್ತಂಬರಿ ಇಸಿದುಕೊಂಡು ಒಳಗೆ ಹೋಗುವವರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ಬುಟ್ಟಿಯ ಮುಂದೆ ಬೇರೆ ಗಿರಾಕಿಗಳು ನಿಲ್ಲುತ್ತಾರೆ. ಬಾಡಿದ ಕಟ್ಟಿಗೆ ಅರ್ಧ ಬೆಲೆಯಾಗುವುದನ್ನೇ ಅವರು ಕಾಯುತ್ತಿರುತ್ತಾರೆ.

ನಮ್ಮ ಓಣಿಯ ನಾಲ್ಕು ಮನೆಗಳ ಕಸಮುಸುರೆ ಮಾಡುವಾಕೆಯೂ ಅವರಲ್ಲಿ ಒಬ್ಬಳು. ಮನೆಯಲ್ಲಿ ಅವಳೂ ಸೇರಿ ಐದು ಮಂದಿ. ಒಂದು ದಿನ ನಾನು, "ಮುಂಜಾನೇನ ತಗೋಬಾರದೇನು, ತಾಜಾ ಇರತೈತಿ" ಅಂದೆ. ಆಕೆ ನಕ್ಕಳು. "ಮುಂಜಾನೆ ಪಲ್ಯ ತಾಜಾ ಇರತೈತ್ರಿ ಅಕ್ಕಾರ, ರೊಕ್ಕ ಇರೂದುಲ್ಲ."

ಈಕೆಯ ಮನೆಯಲ್ಲಿ ಅಕ್ಕಿಗೆ ಕೊರತೆಯಿಲ್ಲ, ಅದನ್ನು ಮೊದಲು ಹೇಳಬೇಕು. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ನಮ್ಮ ರಾಜ್ಯದ ಬಡವರ ಮನೆಯ ಒಲೆ ಆರಲಿಲ್ಲ. ಅದೇ ವರ್ಷ ಬಂದ ಆಹಾರ ಭದ್ರತಾ ಕಾಯಿದೆ ಮನೆಯ ಹಿರಿಯ ಹೆಂಗಸನ್ನೇ ರೇಶನ್ ಕಾರ್ಡಿನ ಯಜಮಾನಿ ಎಂದು ಕರೆಯಿತು. ಜೀವನದಲ್ಲಿ ಯಾವ ಕಾಗದದಲ್ಲೂ ಮೊದಲ ಹೆಸರು ತನ್ನದಾಗದ ಎಷ್ಟು ಹೆಣ್ಣುಮಕ್ಕಳಿಗೆ ಅದೊಂದು ಪದವಿಯೇ ಆಯಿತು! 2023ರಲ್ಲಿ ರಾಜ್ಯ ಕೊಡಬೇಕಿದ್ದ ಹೆಚ್ಚಿನ 5 ಕಿಲೋ ಅಕ್ಕಿ ಸಿಗದೆ ಹೋದಾಗ ಕಿಲೋಕ್ಕೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಯಜಮಾನಿಯ ಖಾತೆಗೆ ಬರತೊಡಗಿತು. 2025ರ ಆರಂಭದಲ್ಲಿ ಹಣ ನಿಂತು ಮತ್ತೆ ಅಕ್ಕಿಯೇ ಬಂತು. ಮನೆಯಲ್ಲಿ ಅಕ್ಕಿ ಹೆಚ್ಚಾಯಿತೆಂಬ ಮಾತು ಕೇಳಿಬಂದು, ಆ ವರ್ಷದ ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚಿನ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳಿರುವ ಇಂದಿರಾ ಕಿಟ್ ಕೊಡುವುದೆಂದು ತೀರ್ಮಾನಿಸಿತು.

ಬೇಳೆ ಬಂದದ್ದು ಒಳ್ಳೆಯದೇ. ಆದರೆ ಈ ಪಟ್ಟಿಯನ್ನು ಒಮ್ಮೆ ಅಡಿಗೆಮನೆಯ ಕಣ್ಣಿನಿಂದ ನೋಡಿ. ಅಕ್ಕಿ, ಜೋಳ, ಬೇಳೆ, ಎಣ್ಣೆ, ಸಕ್ಕರೆ, ಉಪ್ಪು: ಚೀಲದಲ್ಲಿ ಕಟ್ಟಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡಬಹುದಾದದ್ದೆಲ್ಲ ಇದರಲ್ಲಿದೆ. ಮೆಂತ್ಯೆಸೊಪ್ಪಿಗೆ ಗೋದಾಮಿನ ಬಾಗಿಲು ತೆರೆಯುವತನಕ ಪುರಸೊತ್ತಿಲ್ಲ. ಹೀಗಾಗಿ ಸರಕಾರದ ದಾನದಲ್ಲಿ ಸೊಪ್ಪಿಗೆ, ತರಕಾರಿಗೆ, ಹಣ್ಣಿಗೆ ಜಾಗವೇ ಸಿಗಲಿಲ್ಲ. ಅಂಗನವಾಡಿಯ ಮಾತೃಪೂರ್ಣದ ಊಟದಲ್ಲಿ, ಶಾಲೆಯ ಬಿಸಿಯೂಟದ ಸಾರಿನಲ್ಲಿ ಅಷ್ಟಿಷ್ಟು ಕಾಣುತ್ತದೆ. ಆದರೆ ಬಾಣಂತನ ಮುಗಿಸಿದ, ಮಕ್ಕಳನ್ನು ಶಾಲೆಗೆ ಕಳಿಸಿ ಕೂಲಿಗೆ ಹೋಗುವ ತಾಯಿಯ ತಾಟಿಗೆ ಅದು ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತ ಕಡಿಮೆ. ಇದಕ್ಕೆ ತಪ್ಪಲಪಲ್ಯವೊಂದೇ ಮದ್ದೆಂದು ನಾನು ಹೇಳುತ್ತಿಲ್ಲ. ಅನ್ನವೊಂದೇ ಮದ್ದಲ್ಲ ಎಂಬುದು ಮಾತ್ರ ಸ್ಪಷ್ಟ.

ಇದೇ ಗಂಟನ್ನು ದೂರದ ಅಮೆರಿಕದಲ್ಲಿ ಬಿಚ್ಚಲು ನೋಡಿದ ಕತೆಯೊಂದಿದೆ. 1980ರಲ್ಲಿ ಬಾಸ್ಟನ್ ನಗರದ ಡಾರ್ಚೆಸ್ಟರ್ ಎಂಬಲ್ಲಿ ರೈತರ ಸಂತೆ ಮುಗಿಯುವ ಹೊತ್ತು. ಗಸ್ ಶೂಮಾಕರ್ ಎಂಬಾತ ತನ್ನ ಸೋದರನ ಮಾಲನ್ನು ಗಾಡಿಗೆ ಏರಿಸುತ್ತಿದ್ದಾಗ ಪೇರು ಹಣ್ಣಿನ ಪೆಟ್ಟಿಗೆಯೊಂದು ಒಡೆದು ಹಣ್ಣುಗಳು ಚರಂಡಿಗೆ ಉರುಳಿದವು. ಮಕ್ಕಳನ್ನು ಕರಕೊಂಡು ಹೊರಟಿದ್ದ ತಾಯಿಯೊಬ್ಬಳು ಬಗ್ಗಿ ಅವನ್ನು ಆರಿಸತೊಡಗಿದಳು. ಮಾತಾಡಿಸಿದರೆ, ಸರಕಾರದ ಆಹಾರ ಚೀಟಿಯ ಮೇಲೆ ಬದುಕುವಾಕೆ, ತಾಜಾ ಹಣ್ಣು ಕೊಳ್ಳುವುದು ತನ್ನ ಅಳವಲ್ಲ ಅಂದಳು. ಅಷ್ಟು ಸಿರಿವಂತ ದೇಶದಲ್ಲಿ! ಶೂಮಾಕರ್ ಅದನ್ನು ಮರೆಯಲಿಲ್ಲ. ಮುಂದೆ ಆತ ಮ್ಯಾಸಚೂಸೆಟ್ಸ್ ರಾಜ್ಯದ ಕೃಷಿ ಆಯುಕ್ತನಾದಾಗ, 1986ರಲ್ಲಿ, ಅಲ್ಲಿ ರೈತರ ಸಂತೆಯ ಕೂಪನ್ನು ಶುರುವಾಯಿತು. 1992ರಲ್ಲಿ ಅದು ಇಡೀ ದೇಶದ ಯೋಜನೆಯಾಯಿತು. ಬಡ ಗರ್ಭಿಣಿಗೆ, ಬಾಣಂತಿಗೆ, ಎಳೆಯ ಮಕ್ಕಳಿಗೆ ಕೂಪನ್ನು. ಅದನ್ನು ಸಂತೆಗೆ ಒಯ್ದರೆ ಬೆಳೆದವನ ಕೈಯಿಂದಲೇ ಹಣ್ಣು ತರಕಾರಿ. ರೈತ ಆ ಕೂಪನ್ನು ಕೊಟ್ಟು ಸರಕಾರದಿಂದ ಹಣ ಪಡೆಯುತ್ತಾನೆ. ಕೇಂದ್ರದಿಂದ ಒಬ್ಬರಿಗೆ ವರ್ಷಕ್ಕೆ 10ರಿಂದ 30 ಡಾಲರು ಎಂದು ಗೊತ್ತುಮಾಡಿದರು. ಅಲ್ಲಿಯ ಲೆಕ್ಕಕ್ಕೆ ಅದು ಬಹಳ ಸಣ್ಣ ಮೊತ್ತ. ಆದರೆ ಆ ರೊಕ್ಕ ಎರಡು ಮನೆಗೆ ಮುಟ್ಟುವುದು ನನಗೆ ಹಿಡಿಸಿತು: ಒಂದು ಕೊಳ್ಳುವಾಕೆಯದು, ಇನ್ನೊಂದು ಬೆಳೆಯುವಾತನದು.

ರೈತರೇ ಮಾರುವ ಸಂತೆಗಳು ನಮಗೂ ಹೊಸವಲ್ಲ. 1999ರಲ್ಲಿ ಆಂಧ್ರದಲ್ಲಿ ರೈತು ಬಜಾರ್, ಅದೇ ವರ್ಷ ತಮಿಳುನಾಡಿನಲ್ಲಿ ಉಳವರ್ ಸಂದೈ ಶುರುವಾದವು. ಅಲ್ಲಿ ಬೆಳೆದವನಿಗೆ ಕೂಡಲು ಜಾಗ ಸಿಕ್ಕಿತು. ಕೊಳ್ಳಲಾರದವಳ ಕೈಗೆ ರೊಕ್ಕ ಕೊಡುವ ಮಾತು ಮಾತ್ರ ಉಳಿದೇ ಹೋಯಿತು.

ನಾನು ಈ ಕತೆಯನ್ನು ನಮ್ಮ ಕೆಲಸದಾಕೆಗೆ ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ರೊಕ್ಕಾನ ಕೊಟ್ರ ಆಗೂದುಲ್ಲೇನ್ರಿ? ಚೀಟಿ ಯಾಕ?" ನ್ಯಾಯವಾದ ಮಾತು. ಬಡವರಿಗೆ ರೊಕ್ಕ ಕೊಟ್ಟರೆ ಹಾಳುಮಾಡುತ್ತಾರೆಂಬ ಗುಮಾನಿ ಉಳ್ಳವರಿಗೆ ಬಹಳ ಸಲೀಸು. ಹಾಗಾದರೆ ಖಾತೆಗೆ ಬಂದ ಆ 170ರ ಹಣ ಏನಾಯಿತೆಂದು ಅವಳನ್ನೇ ಕೇಳಿದೆ. ಒಂದು ತಿಂಗಳು ಮಗನ ಪಾಟಿಚೀಲಕ್ಕೆ, ಒಂದು ತಿಂಗಳು ಸಂಘದ ಸಾಲದ ಕಂತಿಗೆ, ಇನ್ನೊಂದು ತಿಂಗಳು ಅತ್ತೆಯ ಗುಳಿಗೆಗೆ. ಒಂದು ರೂಪಾಯಿಯೂ ಹಾಳಾಗಿಲ್ಲ. ಆದರೆ ಪಲ್ಯಕ್ಕೂ ಹೋಗಿಲ್ಲ. ಮನೆಯಲ್ಲಿ ಎಲ್ಲರ ಅಗತ್ಯವೂ ಮುಗಿದ ಮೇಲೆ ತಾಯಿಯ ತಾಟಿನ ಪಾಳಿ ಬರುತ್ತದೆ ಎಂಬುದು ನಿಮಗೂ ಗೊತ್ತಿರುವ ಸಂಗತಿಯೇ. ಬೇರೆ ಯಾವುದಕ್ಕೂ ಒದಗದ ಚೀಟಿಯಾದರೆ ಅದನ್ನು ಕಂತಿನವನೂ ಕೇಳಲಾರ.

ಬುಟ್ಟಿಯಾಕೆಯ ಅನುಮಾನ ಬೇರೆ ಥರದ್ದು. "ಚೀಟಿ ನಾ ತಗೋತೀನ್ರಿ, ಅದರ ರೊಕ್ಕ ನನಗ ಎಂದ ಬರತಾವ? ಸಂಜೀಕ ನಾ ಮತ್ತ ಬೀಜಾ ತರಬೇಕಲ್ಲ" ಅಂದಳು. ಯೋಜನೆ ಬದುಕುವುದು ಸಾಯುವುದು ಈ ಒಂದು ಪ್ರಶ್ನೆಯ ಮೇಲೆಯೇ ಎನಿಸಿತು. ಹಿಂದಾದರೆ ಕಾಗದದ ಚೀಟಿ, ಅದಕ್ಕೊಂದು ಕಚೇರಿ, ಹತ್ತು ಸಲ ಅಲೆದಾಟ. ಈಗ ಅವಳ ಬುಟ್ಟಿಗೇ ಮೊಬೈಲಿನ ಚೌಕುಳಿ ಚಿತ್ರ ಅಂಟಿಕೊಂಡಿದೆ. ಹಣ ಆ ಕ್ಷಣಕ್ಕೆ ಬಂದು ಬೀಳುತ್ತದೆ. ಗೊತ್ತಾದ ಕೆಲಸಕ್ಕೆ ಮಾತ್ರ ಒದಗುವ ಇ-ರುಪಿ ಎಂಬ ಚೀಟಿಯನ್ನು ಮೊಬೈಲಿಗೇ ಕಳಿಸುವ ವ್ಯವಸ್ಥೆ 2021ರ ಆಗಸ್ಟಿನಲ್ಲೇ ನಮ್ಮ ದೇಶದಲ್ಲಿ ಬಂದಿದೆ. ದಾರಿ ಇದೆ, ನಡೆಯುವ ಮನಸ್ಸು ಬೇಕು.

ಇನ್ನು ಖರ್ಚು. ಸರಕಾರವೇ 2023ರಲ್ಲಿ ಕಿಲೋ ಅಕ್ಕಿಗೆ 34 ರೂಪಾಯಿ ಎಂದು ಬೆಲೆ ಕಟ್ಟಿತ್ತಲ್ಲ, ಆ ಒಂದು ಕಿಲೋದ ಹಣವನ್ನು ಪ್ರತಿ ತಲೆಗೆ ತಿಂಗಳಿಗೊಮ್ಮೆ ಪಲ್ಯದ ಚೀಟಿಯಾಗಿ ಕೊಟ್ಟರೆ ಐದು ಜನರ ಮನೆಗೆ 170 ರೂಪಾಯಿ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿಗೆ ಇದು ಸಾಲದು, ಹತ್ತಿರಕ್ಕೂ ಬಾರದು. ಆದರೂ ವಾರಕ್ಕೆರಡು ದಿನ ಬಾಡದ ಕಟ್ಟು ಬೆಳಿಗ್ಗೆಯೇ ಮನೆಗೆ ಬರುತ್ತದೆ. ತಿಕೋಟಾ, ಬಬಲೇಶ್ವರದ ಹೊಲಗಳಿಗೆ ಏತ ನೀರಾವರಿಯಿಂದ ನೀರು ಹರಿಸಲು ನಮ್ಮೆಲ್ಲರ ತೆರಿಗೆಯ ಹಣ ಹೋಗಿದೆ, ಹೋಗಬೇಕಾದದ್ದೇ. ಆ ನೀರಿನಲ್ಲಿ ಬೆಳೆದದ್ದರಲ್ಲಿ ಒಂದು ಹಿಡಿ ಪಕ್ಕದ ಶಹರದ ಬಡವಳ ಮನೆಗೂ ಮುಟ್ಟಲಿ ಎಂದರೆ ಅದು ದೊಡ್ಡ ಬೇಡಿಕೆಯೇ?

"ಅಂಥಾ ಚೀಟಿ ಬಂದ್ರ ಮೊದಲ ಏನ ತಗೋತಿ?" ಎಂದು ಕೇಳಿದೆ. ಮೆಂತ್ಯೆಯೋ ರಾಜಗಿರಿಯೋ ಅನ್ನುತ್ತಾಳೆಂದುಕೊಂಡಿದ್ದೆ.

"ದ್ರಾಕ್ಷಿ ತಗೋತೀನ್ರಿ" ಅಂದಳು. "ತಿಕೋಟಾದಾಗ ಮೂರ ವರ್ಷ ದ್ರಾಕ್ಷಿ ಕಡ್ಯಾಕ ಹೋಗೇನಿ. ಕೈತುಂಬ ಹಿಡದೇನಿ. ಕೊಂಡು ಮನಿಗಿ ತಂದಿಲ್ಲ."